ಫಿಲ್ಮ್ ಸ್ಕೂಲ್ ವೇಸ್ಟ್ ಅನ್ನೋರು ಲೆಕ್ಕ ಸರಿಯಾಗಿ ಬರೆದಿಲ್ಲ

1/9

"ಫಿಲ್ಮ್ ಸ್ಕೂಲ್‌ಗೆ ಹೋಗ್ಬೇಡಿ, ಆ ದುಡ್ಡಲ್ಲಿ ಒಂದು ಸಿನಿಮಾನೇ ಮಾಡಿ." ಈ ಡೈಲಾಗ್ ಇರೋ ರೀಲ್ ನಿಮ್ಮ ಫೀಡ್‌ಗೂ ಬಂದಿರುತ್ತೆ. ನಮ್ಮ ಕ್ಲಾಸ್ ಗ್ರೂಪ್‌ಗಂತೂ ಮೂರು ಸಲ ಬಂದಿದೆ. ಪ್ರತಿ ಸಲವೂ ಕೆಳಗೆ ಬೆಂಕಿ ಎಮೋಜಿ, "ಫ್ಯಾಕ್ಟ್ಸ್ ಗುರೂ" ಅನ್ನೋ ಕಾಮೆಂಟು.

ಹೇಳೋಕೆ ಚೆನ್ನಾಗಿದೆ, ಕೇಳೋಕೆ ಇನ್ನೂ ಚೆನ್ನಾಗಿದೆ. ಆದ್ರೆ ಆ ಮಾತಲ್ಲಿ ಒಂದು ಪದ ಇದೆ, ಯಾರೂ ನಿಂತು ನೋಡಲ್ಲ: "ಆ ದುಡ್ಡಲ್ಲಿ." ಯಾವ ದುಡ್ಡು? ಯಾರ ಮನೇಲಿ ಆ ದುಡ್ಡು ಬೀರುವಲ್ಲಿ ಕೂತ್ಕೊಂಡು "ನನ್ನಿಂದ ಸಿನಿಮಾ ಮಾಡ್ತೀರೋ, ಫೀಸ್ ಕಟ್ತೀರೋ" ಅಂತ ಕಾಯ್ತಾ ಇದೆ?

ನಮ್ಮ ಜೊತೆ ಓದೋ ಒಬ್ಬಳು ಕಾಸ್ಟ್ ಅಕೌಂಟಿಂಗ್ ನೋಟ್‌ಬುಕ್‌ನ ಹಿಂದಿನ ಪುಟಗಳಲ್ಲಿ ಶಾಟ್ ಬೈ ಶಾಟ್ ಚಿತ್ರ ಬಿಡಿಸ್ತಾಳೆ. ಈ ವರ್ಷ ಡಿಗ್ರಿ ಮುಗಿಯುತ್ತೆ. ಆಮೇಲೆ ಸಿನಿಮಾ ಓದೋಕೆ ಅರ್ಜಿ ಹಾಕೋಣ ಅಂತಿದ್ದವಳು ಈಗ ಬೇಡ ಅಂತ ಕೂತಿದ್ದಾಳೆ. ಕಾರಣ ಕೇಳಿದ್ರೆ ಅದೇ ರೀಲು. ಅವಳಿಗೆ ಗಾಂಧಿನಗರದಲ್ಲಿ ಮಾವ ಇಲ್ಲ, ಊರಲ್ಲಿ ಮಾರೋಕೆ ಸೈಟ್ ಇಲ್ಲ. ಅವಳಿಗಿದ್ದ ಬಾಗಿಲು ಇದೊಂದೇ. ಅದನ್ನೂ ಮೂವತ್ತು ಸೆಕೆಂಡಲ್ಲಿ ಮುಚ್ಚಿಬಿಟ್ರು.

ಅದಕ್ಕೇ ಈ ಸರಣಿ. ಒಂಬತ್ತು ಪೋಸ್ಟು. ಓದಿ, ಒಪ್ಪದಿದ್ರೆ ಜಗಳ ಆಡಿ, ಆದ್ರೆ ಪೂರ್ತಿ ಓದಿ ಆಡಿ.

2/9

ಮೊದಲು ಅವರು ಕೊಡೋ ಉದಾಹರಣೆಗಳನ್ನೇ ತಗೊಳ್ಳೋಣ.

"ನೋಲನ್ ಫಿಲ್ಮ್ ಸ್ಕೂಲ್‌ಗೆ ಹೋಗಿಲ್ಲ." ನಿಜ. ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ್ದು. ಆದ್ರೆ ಆ ಕಾಲೇಜನ್ನೇ ಯಾಕೆ ಆರಿಸಿಕೊಂಡ್ರು ಗೊತ್ತಾ? ಅಲ್ಲಿ 16 ಎಂಎಂ ಕ್ಯಾಮೆರಾ, ಎಡಿಟಿಂಗ್ ಟೇಬಲ್ ಇತ್ತು. ಅಲ್ಲಿನ ಫಿಲ್ಮ್ ಸೊಸೈಟಿಗೆ ಅವರೇ ಅಧ್ಯಕ್ಷ. ಟರ್ಮ್ ಪೂರ್ತಿ ಸಿನಿಮಾ ತೋರಿಸಿ, ಟಿಕೆಟ್ ದುಡ್ಡಲ್ಲಿ ರಜೆಯಲ್ಲಿ ಕಿರುಚಿತ್ರ ಮಾಡೋರು. ಯೂನಿವರ್ಸಿಟಿ ಸಾಮಾನು, ಯೂನಿವರ್ಸಿಟಿ ಜಾಗ, ಯೂನಿವರ್ಸಿಟಿ ಗೆಳೆಯರು. ಸರ್ಟಿಫಿಕೇಟ್‌ನಲ್ಲಿ "ಸಿನಿಮಾ" ಅಂತ ಬರೆದಿರಲಿಲ್ಲ, ಅಷ್ಟೇ.

"ಸತ್ಯಜಿತ್ ರೇ?" ಎಕನಾಮಿಕ್ಸ್ ಪದವಿ ಮುಗಿಸಿ ಶಾಂತಿನಿಕೇತನದ ಕಲಾಭವನಕ್ಕೆ ಹೋಗಿ ಚಿತ್ರಕಲೆ ಕಲಿತವರು. ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿ ಅವರ ಮೇಷ್ಟ್ರು. ಕೋರ್ಸ್ ಪೂರ್ತಿ ಮಾಡಲಿಲ್ಲ, ಆದ್ರೆ ಅಲ್ಲಿ ಕಲಿತ ಕಣ್ಣು ಕೊನೇವರೆಗೂ ಬಂತು. 1972ರಲ್ಲಿ ಅದೇ ಬಿನೋದ್ ಬಿಹಾರಿ ಬಗ್ಗೆ 'ದಿ ಇನ್ನರ್ ಐ' ಅನ್ನೋ ಸಾಕ್ಷ್ಯಚಿತ್ರ ಮಾಡಿದ್ರು.

"ಐಫೋನ್‌ನಲ್ಲೇ ಸಿನಿಮಾ ಮಾಡಿದ್ರಲ್ಲಾ?" ಹೌದು, 2015ರ 'ಟ್ಯಾಂಜರಿನ್'. ಐಫೋನ್ 5ಎಸ್. ಮಾಡಿದ್ದು ಶಾನ್ ಬೇಕರ್. ಅವರು ನ್ಯೂಯಾರ್ಕ್ ಯೂನಿವರ್ಸಿಟಿಯ ಟಿಶ್ ಆರ್ಟ್ಸ್ ಸ್ಕೂಲಲ್ಲಿ ಸಿನಿಮಾ ಓದಿದವರು! ಫೋನ್‌ಗೆ ಬೇರೆ ಲೆನ್ಸ್ ಅಡಾಪ್ಟರ್ ಹಾಕಿದ್ರು, ಸೌಂಡ್‌ಗೆ ಪ್ರತ್ಯೇಕವಾಗಿ ಸೌಂಡ್ ರೆಕಾರ್ಡ್ ಮಾಡೋರನ್ನೇ ಇಟ್ಕೊಂಡಿದ್ರು. ಫೋನ್ ಸಾಕು ಅಂತ ಹೇಳೋರು ಫೋನ್ ಹಿಂದೆ ನಿಂತಿದ್ದವರ ಓದನ್ನ ಹೇಳಲ್ಲ.

3/9

"ಟ್ಯಾರಂಟಿನೋ?" ಇದು ಬರ್ಲೇಬೇಕು, ಬರುತ್ತೆ.

ಕ್ವೆಂಟಿನ್ ಟ್ಯಾರಂಟಿನೋ ವರ್ಷಗಟ್ಟಲೆ ಒಂದು ವಿಡಿಯೋ ಅಂಗಡಿಯಲ್ಲಿ ಕೆಲಸ ಮಾಡಿದ್ರು. ದಿನವಿಡೀ ಸಿನಿಮಾ ನೋಡೋದು, ಗಿರಾಕಿಗಳ ಜೊತೆ ವಾದ ಮಾಡೋದು, ಅದಕ್ಕೆ ಸಂಬಳ ಬೇರೆ. ನಮ್ಮೂರಲ್ಲಿ ಆ ತರ ಅಂಗಡಿ ತೋರಿಸಿ, ನಾಳೆನೇ ಸೇರ್ತೀನಿ. ಅದಾದಮೇಲೂ 'ರೆಸರ್ವಾಯರ್ ಡಾಗ್ಸ್' ಶೂಟಿಂಗಿಗೆ ಮುಂಚೆ, 1991ರಲ್ಲಿ, ಸನ್‌ಡ್ಯಾನ್ಸ್‌ನವರ ನಿರ್ದೇಶಕರ ಲ್ಯಾಬ್‌ಗೆ ಹೋಗಿ ಕೆಲವು ಸೀನ್ ಮಾಡಿ ನೋಡಿ, ಹಿರಿಯರ ಹತ್ತಿರ ಬೈಸಿಕೊಂಡು, ತಿದ್ದಿಕೊಂಡು ಬಂದ್ರು. ಅದು ಸ್ಕೂಲ್ ಅಲ್ಲದೆ ಇನ್ನೇನು?

ನಮ್ಮ ಕನ್ನಡದ್ದೇ ಹೇಳ್ತೀನಿ. 2013ರ 'ಲೂಸಿಯಾ', ಪ್ರೇಕ್ಷಕರೇ ದುಡ್ಡು ಹಾಕಿದ ಸಿನಿಮಾ. ಪವನ್ ಕುಮಾರ್ ಯಾವ ಕೋರ್ಸಿಂದ ಬಂದ್ರು ಅಂತ ಕೇಳ್ತೀರಾ? ರಂಗಭೂಮಿ ಮಾಡಿದ್ರು, ಯೋಗರಾಜ್ ಭಟ್ ಜೊತೆ ಬರವಣಿಗೆ ಮಾಡಿದ್ರು, ಆಮೇಲೆ ನಿರ್ದೇಶನ. ವರ್ಷಗಳ ತಯಾರಿ ಅದು.

ನಾನು ಹೇಳ್ತಾ ಇರೋದು ಇಷ್ಟೇ. ಸ್ಕೂಲಿಗೆ ಹೋಗದೆ ಗೆದ್ದವರಲ್ಲಿ ಕಲಿಯದೆ ಗೆದ್ದವರು ಯಾರೂ ಇಲ್ಲ. ಎಲ್ಲರಿಗೂ ಒಂದು ಜಾಗ ಸಿಕ್ಕಿದೆ: ನೋಡೋಕೆ ಸಿನಿಮಾ, ಮುಟ್ಟೋಕೆ ಸಾಮಾನು, ಜಗಳ ಆಡೋಕೆ ಗೆಳೆಯರು, ಸೋಲೋಕೆ ಸಮಯ. ಕೆಲವರಿಗೆ ಆ ಜಾಗ ಅಪ್ಪನಿಂದ ಬರುತ್ತೆ, ಕೆಲವರಿಗೆ ಊರಿಂದ, ಕೆಲವರಿಗೆ ಅದೃಷ್ಟದಿಂದ. ಮೂರೂ ಇಲ್ಲದವರಿಗೆ ಎಲ್ಲಿಂದ ಬರ್ಬೇಕು?

4/9

ಈಗ ನಾವು ಬಿಕಾಂನವರು, ಲೆಜರ್ ತೆಗೆಯೋಣ.

"ಫೀಸ್ ದುಡ್ಡಲ್ಲಿ ಸಿನಿಮಾ ಮಾಡಿ" ಅನ್ನೋರು ಫೀಸನ್ನ ಖರ್ಚು ಅಂತ ಬರೀತಾರೆ, ಸಿನಿಮಾವನ್ನ ಆಸ್ತಿ ಅಂತ ಬರೀತಾರೆ. ಫಸ್ಟ್ ಇಯರ್ ಹುಡುಗ ಹೀಗೆ ಬರೆದ್ರೆ ಮೇಡಂ ಪೇಪರ್ ಮೇಲೆ ಕೆಂಪು ಗೀಟು ಎಳೀತಾರೆ. ಇಪ್ಪತ್ತು ವರ್ಷದವರು ಮಾಡೋ ಮೊದಲ ಸಿನಿಮಾ ಕೆಟ್ಟದಾಗಿರೋ ಸಾಧ್ಯತೆನೇ ಜಾಸ್ತಿ. ಕೆಟ್ಟದಾಗಿರಲೇಬೇಕು, ಹಾಗೇ ಕಲಿಯೋದು. ಅಂದ್ರೆ ಅದು ಆಸ್ತಿ ಅಲ್ಲ, ಶುರುವಲ್ಲೇ ಬ್ಯಾಡ್ ಡೆಟ್. ಅದಕ್ಕೆ ಪ್ರಾವಿಷನ್ ಎಲ್ಲಿ?

ಶ್ರೀಮಂತರ ಮನೆಯ ಹುಡುಗ ಮೊದಲ ಸಿನಿಮಾದಲ್ಲಿ ಸೋತ್ರೆ ಅದಕ್ಕೆ "ಅನುಭವ" ಅಂತಾರೆ. ನಾವು ಸೋತ್ರೆ ಅದಕ್ಕೆ "ಸಾಲ" ಅಂತಾರೆ. ಒಂದೇ ಸೋಲು, ಎರಡು ಬೇರೆ ಖಾತೆ.

ಒಳ್ಳೇ ಫಿಲ್ಮ್ ಸ್ಕೂಲ್ ಮಾಡೋ ಮುಖ್ಯ ಕೆಲಸ ಇದೇ. ಕ್ಯಾಮೆರಾ ಹಿಡಿಯೋದು ಹೇಗೆ ಅಂತ ಯೂಟ್ಯೂಬ್ ಕೂಡ ಹೇಳುತ್ತೆ. ಆದ್ರೆ ಯೂಟ್ಯೂಬ್ ನಿಮ್ಮ ಸೋಲಿನ ಖರ್ಚನ್ನ ತನ್ನ ಖಾತೆಗೆ ಹಾಕ್ಕೊಳ್ಳಲ್ಲ. ಸ್ಕೂಲಲ್ಲಿ ಮಾತೇ ಇಲ್ಲದ ಒಂದು ಸೀನ್ ಮಾಡು ಅಂತಾರೆ. ಇಬ್ಬರು ಮಾತಾಡೋ ಸೀನ್ ಮಾಡು ಅಂತಾರೆ. ಮಾಡ್ತೀರಿ. ಎಡಿಟ್ ಟೇಬಲ್ಲಿಗೆ ತಂದಾಗ ಒಬ್ಬ ಎಡಕ್ಕೆ ನೋಡ್ತಾನೆ, ಇನ್ನೊಬ್ಬನೂ ಎಡಕ್ಕೇ ನೋಡ್ತಾನೆ, ಮಾತಾಡ್ತಿರೋದು ಯಾರ ಜೊತೆ ಅಂತಾನೇ ಗೊತ್ತಾಗಲ್ಲ. ಇಡೀ ಕ್ಲಾಸ್ ನಗುತ್ತೆ, ಮೇಷ್ಟ್ರು ಬೈತಾರೆ, ಮುಂದಿನ ವಾರ ಸರಿ ಮಾಡ್ತೀರಿ. ಇದೇ ತಪ್ಪು ಅಮ್ಮನ ಒಡವೆ ಅಡ ಇಟ್ಟು ಮಾಡಿದ ಸಿನಿಮಾದಲ್ಲಿ ಆದ್ರೆ ಮುಂದಿನ ವಾರ ಅನ್ನೋದೇ ಇರಲ್ಲ.

ಹಾಗಾಗಿ ನನ್ನ ಪ್ರಶ್ನೆ "ಫಿಲ್ಮ್ ಸ್ಕೂಲ್ ಬೇಕಾ ಬೇಡ್ವಾ" ಅಲ್ಲ. ನನ್ನ ಪ್ರಶ್ನೆ: ಕಲಿಯೋವಾಗ ಆಗೋ ಸೋಲಿನ ಬಿಲ್ ಯಾರು ಕಟ್ತಾರೆ?

5/9

ನಮ್ಮ ನಾಡು ಒಂದು ಕಾಲದಲ್ಲಿ ಈ ಬಿಲ್ ಕಟ್ಟಿತ್ತು. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಹೇಳ್ತಿದ್ದೀನಿ.

ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ಸ್ವಾತಂತ್ರ್ಯಕ್ಕೂ ಮುಂಚೆನೇ ಅಲ್ಲಿ ಸಿನಿಮಾಟೋಗ್ರಫಿ ಕಲಿಸ್ತಿದ್ರು. ಮೈಸೂರಿನ ವಿ.ಕೆ. ಮೂರ್ತಿ 1946ರಲ್ಲಿ ಅಲ್ಲಿಂದ ಡಿಪ್ಲೊಮಾ ಮುಗಿಸಿ ಬಾಂಬೆಗೆ ಹೋದ್ರು. ಗುರುದತ್ ಜೊತೆ 'ಪ್ಯಾಸಾ' ಮಾಡಿದ್ರು. 1959ರಲ್ಲಿ 'ಕಾಗಜ್ ಕೇ ಫೂಲ್', ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಖಾಲಿ ಸ್ಟುಡಿಯೋದಲ್ಲಿ ಮೇಲಿಂದ ಬೆಳಕಿನ ಕೋಲೊಂದು ಇಳಿಯುತ್ತಲ್ಲ, ಆ ಶಾಟ್ ನೀವು ಎಲ್ಲಾದ್ರೂ ನೋಡೇ ಇರ್ತೀರಿ. ಅದು ದೊಡ್ಡ ಲೈಟ್ ಅಲ್ಲ. ಹೊರಗಿನ ಬಿಸಿಲನ್ನ ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದಿದ್ದು. ಛಾಯಾಗ್ರಾಹಕರೊಬ್ಬರಿಗೆ ಮೊಟ್ಟಮೊದಲ ಸಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಿದ್ದು ಇವರಿಗೇ, 2008ರ ಸಾಲಿಗೆ.

ಅದೇ ಪಾಲಿಟೆಕ್ನಿಕ್‌ನಲ್ಲಿ 1962ರಲ್ಲಿ ಓದು ಮುಗಿಸಿದವರು ಗೋವಿಂದ್ ನಿಹಲಾನಿ. ಮೂರ್ತಿಯವರ ಕೈಕೆಳಗೇ ಕೆಲಸ ಕಲಿತ್ರು, ಗಿರೀಶ್ ಕಾರ್ನಾಡರ 'ಕಾಡು' ಚಿತ್ರಕ್ಕೆ ಕ್ಯಾಮೆರಾ ಹಿಡಿದ್ರು, 1983ರಲ್ಲಿ 'ಅರ್ಧ್ ಸತ್ಯ' ನಿರ್ದೇಶಿಸಿದ್ರು. ಆ ಸಿನಿಮಾ ವಿಭಾಗವೇ ಮುಂದೆ ಹೆಸರಘಟ್ಟಕ್ಕೆ ಹೋಗಿ ಇವತ್ತಿನ ಸರ್ಕಾರಿ ಫಿಲ್ಮ್ ಅಂಡ್ ಟಿವಿ ಇನ್‌ಸ್ಟಿಟ್ಯೂಟ್ ಆಗಿದೆ.

ಗಿರೀಶ್ ಕಾಸರವಳ್ಳಿ ಏನು ಓದಿದ್ರು? ಬಿ.ಫಾರ್ಮ್. ತೀರ್ಥಹಳ್ಳಿ ಕಡೆಯ ಹುಡುಗ, ಔಷಧಿ ಓದಿ, ಅಲ್ಲಿಂದ ಪುಣೆಯ ಎಫ್‌ಟಿಐಐ. ಅಲ್ಲಿ ಮಾಡಿದ ಡಿಪ್ಲೊಮಾ ಚಿತ್ರ 'ಅವಶೇಷ್'ಗೇ ರಾಷ್ಟ್ರಪ್ರಶಸ್ತಿ. 1977ರಲ್ಲಿ ಮೊದಲ ಕಥಾಚಿತ್ರ 'ಘಟಶ್ರಾದ್ಧ', ಸ್ವರ್ಣಕಮಲ. ಅವರನ್ನ ಯಾರಾದ್ರೂ "ಆ ದುಡ್ಡಲ್ಲಿ ಮೆಡಿಕಲ್ ಶಾಪ್ ಇಡು" ಅಂತ ಒಪ್ಪಿಸಿಬಿಟ್ಟಿದ್ರೆ?

6/9

ಹಳೇ ಕಾಲದ ಮಾತು ಅಂತೀರಾ? 2024ಕ್ಕೆ ಬನ್ನಿ.

ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳಿಗೆ 'ಲಾ ಸಿನೆಫ್' ಅಂತ ವಿಭಾಗ ಇದೆ. ಆ ವರ್ಷ ಮೊದಲ ಬಹುಮಾನ ಬಂದಿದ್ದು ಒಂದು ಕನ್ನಡ ಚಿತ್ರಕ್ಕೆ. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದುಬಿಡ್ತಾಳೆ, ಊರಿಗೆ ಬೆಳಗೇ ಆಗಲ್ಲ. ನಮ್ಮಜ್ಜಿಯರು ಹೇಳೋ ಕಥೆ. ಹದಿನಾರು ನಿಮಿಷದ ಸಿನಿಮಾ. ನಿರ್ದೇಶಕ ಮೈಸೂರಿನ ಚಿದಾನಂದ ನಾಯ್ಕ್, ಎಂಬಿಬಿಎಸ್ ಓದಿದವರು. ಎಫ್‌ಟಿಐಐನಲ್ಲಿ ಒಂದೇ ವರ್ಷದ ಟಿವಿ ಕೋರ್ಸ್. ಇದು ಅವರ ವರ್ಷಾಂತ್ಯದ ಅಭ್ಯಾಸ ಚಿತ್ರ.

ಇದರಲ್ಲಿ ನಾನು ನೋಡೋದು ಬಹುಮಾನವನ್ನಲ್ಲ, ಇನ್ನೊಂದನ್ನ. ಆ ಅಭ್ಯಾಸದ ನಿಯಮವೇ ಹೀಗೆ: ನಿರ್ದೇಶನದವರು, ಕ್ಯಾಮೆರಾದವರು, ಎಡಿಟಿಂಗ್‌ನವರು, ಸೌಂಡಿನವರು, ನಾಲ್ಕು ವಿಭಾಗದ ವಿದ್ಯಾರ್ಥಿಗಳು ಸೇರಿ ಒಂದು ಚಿತ್ರ ಮಾಡ್ಬೇಕು. ನೀವು ಒಬ್ಬರೇ ರೂಮಲ್ಲಿ ಕೂತು ಎಲ್ಲ ಟ್ಯುಟೋರಿಯಲ್ ನೋಡಿ ಮುಗಿಸಿದ್ರೂ ಈ ನಾಲ್ಕು ಜನ ಸಿಗಲ್ಲ. ರಾತ್ರಿಯ ಕತ್ತಲನ್ನ ಶೂಟ್ ಮಾಡೋಕೆ ಗೊತ್ತಿರೋ ಒಬ್ಬ, ಹುಂಜದ ಕೂಗು ಎಷ್ಟು ದೂರದಿಂದ ಕೇಳ್ಬೇಕು ಅಂತ ಯೋಚನೆ ಮಾಡೋ ಇನ್ನೊಬ್ಬ. ಸಿನಿಮಾ ಒಬ್ಬರ ಕಲೆ ಅಲ್ಲ ಅಂತ ಎಲ್ಲರೂ ಹೇಳ್ತಾರೆ. ಆಮೇಲೆ ಒಬ್ಬೊಬ್ಬರೇ ಕಲ್ತ್ಕೊಳ್ಳಿ ಅಂತಾನೂ ಹೇಳ್ತಾರೆ!

7/9

ಸಿನಿಮಾ ಸಂಸ್ಥೆ ಸರಿ, ಯೂನಿವರ್ಸಿಟಿಯಲ್ಲಿ ಸಿನಿಮಾ ಯಾಕೆ? ಅಲ್ಲಿ ಓದೋಕೆ ಬಂದವರು ಥಿಯರಿ ಬರ್ಕೊಂಡು ಹೋಗ್ತಾರೆ ಅಷ್ಟೇ ಅಲ್ವಾ? ಅಲ್ಲ.

ದೆಹಲಿಯ ಜಾಮಿಯಾ ಮಿಲಿಯಾ ಇಸ್ಲಾಮಿಯಾ ಸರ್ಕಾರಿ ಯೂನಿವರ್ಸಿಟಿ. 1982ರಲ್ಲಿ ಅಲ್ಲಿ ಮಾಸ್ ಕಮ್ಯುನಿಕೇಷನ್ ರಿಸರ್ಚ್ ಸೆಂಟರ್ ಶುರುವಾಯ್ತು. ಅಲ್ಲಿ ಓದಿದ ರಿಂಟು ಥಾಮಸ್, ಸುಷ್ಮಿತ್ ಘೋಷ್ ಮಾಡಿದ 'ರೈಟಿಂಗ್ ವಿತ್ ಫೈರ್' 2022ರಲ್ಲಿ ಆಸ್ಕರ್‌ಗೆ ನಾಮಿನೇಟ್ ಆಯ್ತು. ಉತ್ತರ ಪ್ರದೇಶದ ದಲಿತ ಪತ್ರಕರ್ತೆಯರ ಬಗ್ಗೆ ಇರೋ ಚಿತ್ರ. ಮಾರನೇ ವರ್ಷ 'ಆಲ್ ದಟ್ ಬ್ರೀದ್ಸ್', ಶೌನಕ್ ಸೇನ್ ಅವರದ್ದು. ಅವರೂ ಅಲ್ಲೇ ಓದಿದವರು. ಸಾಲಾಗಿ ಎರಡು ವರ್ಷ, ಒಂದೇ ಸರ್ಕಾರಿ ಯೂನಿವರ್ಸಿಟಿಯ ಒಂದೇ ವಿಭಾಗ. ಇದನ್ನ ಕಾಕತಾಳೀಯ ಅಂತೀರಾ?

ಇನ್ನೂ ದೂರ ಹೋಗೋಣ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ, ಅದೂ ಸಾರ್ವಜನಿಕ ಯೂನಿವರ್ಸಿಟಿ. 1965ರಲ್ಲಿ ವಾಟ್ಸ್ ಅನ್ನೋ ಕಪ್ಪು ಜನರ ಬಡಾವಣೆಯಲ್ಲಿ ದಂಗೆ ಆಯ್ತು. ಮುಂದಿನ ವರ್ಷಗಳಲ್ಲಿ ಆ ಯೂನಿವರ್ಸಿಟಿಯ ಸಿನಿಮಾ ವಿಭಾಗಕ್ಕೆ ಕಪ್ಪು ವಿದ್ಯಾರ್ಥಿಗಳು ಬರೋ ಹಾಗಾಯ್ತು. ಅವರಲ್ಲಿ ಒಬ್ಬರು ವಾಟ್ಸ್‌ನಲ್ಲೇ ಬೆಳೆದ ಚಾರ್ಲ್ಸ್ ಬರ್ನೆಟ್. ಮೊದಲು ಕಲಿತಿದ್ದು ಎಲೆಕ್ಟ್ರಾನಿಕ್ಸ್. ವೀಕೆಂಡ್‌ಗಳಲ್ಲಿ ಅದೇ ಬಡಾವಣೆಯ ಪರಿಚಯದವರನ್ನ ಇಟ್ಕೊಂಡು ಶೂಟ್ ಮಾಡಿ, ಹತ್ತು ಸಾವಿರ ಡಾಲರ್‌ಗಿಂತ ಕಡಿಮೆ ಖರ್ಚಲ್ಲಿ 'ಕಿಲ್ಲರ್ ಆಫ್ ಶೀಪ್' ಮುಗಿಸಿ, 1977ರಲ್ಲಿ ಎಂಎಫ್‌ಎ ಥೀಸಿಸ್ ಅಂತ ಸಲ್ಲಿಸಿದ್ರು. ಕುರಿ ಕಸಾಯಿಖಾನೆಯಲ್ಲಿ ಕೆಲಸ ಮಾಡೋ ಒಬ್ಬ ಅಪ್ಪನ ಕಥೆ. ಹಾಲಿವುಡ್ ಅಂಥ ಮನುಷ್ಯನ ಮುಖ ತೋರಿಸ್ತಿರಲಿಲ್ಲ. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಅದು ಸೇರಿತು.

ಗಮನಿಸಿ. ಬಾಗಿಲು ತೆರೆದಿದ್ದಕ್ಕೆ ಹೊಸಬರು ಬಂದ್ರು. ಹೊಸಬರು ಬಂದಿದ್ದಕ್ಕೆ ಹೊಸ ಕಥೆ ಬಂತು. "ಫಿಲ್ಮ್ ಸ್ಕೂಲ್ ಬೇಡ" ಅಂತ ಎಲ್ಲರೂ ಒಪ್ಪಿಬಿಟ್ರೆ ಸಿನಿಮಾ ನಿಲ್ಲಲ್ಲ. ಯಾರ ಮನೇಲಿ ಈಗಾಗ್ಲೇ ಕ್ಯಾಮೆರಾ ಇದೆಯೋ ಅವರ ಕಥೆ ಮಾತ್ರ ಬರ್ತಾ ಇರುತ್ತೆ.

8/9

ಈಗ ನೀವು ನನ್ನನ್ನ ಹಿಡಿಯೋ ಜಾಗಕ್ಕೆ ಬಂದೆ. "ಹಂಗಾದ್ರೆ ಯಾವ ಸ್ಕೂಲಾದ್ರೂ ಸರಿನಾ?" ಖಂಡಿತ ಅಲ್ಲ.

ನಮ್ಮ ಊರಿನ ಮೆಟ್ರೋ ಪಿಲ್ಲರ್ ಮೇಲೆ, ಫೋನ್ ತೆರೆದ್ರೆ ಮೊದಲ ಸ್ಟೋರಿಯಲ್ಲೇ "ಆರು ತಿಂಗಳಲ್ಲಿ ಡೈರೆಕ್ಟರ್ ಆಗಿ" ಅಂತ ಕರೀತಾರಲ್ಲ, ಅವರಿಗೆ ದುಡ್ಡು ಕೊಡಿ ಅಂತ ನಾನು ಹೇಳ್ತಿಲ್ಲ. ಅಲ್ಲೂ ಸೋಲಿನ ಬಿಲ್ ನಿಮ್ಮದೇ, ಮೇಲೆ ಅವರ ಲಾಭವೂ ನಿಮ್ಮದೇ ಬಿಲ್ಲಲ್ಲಿ. ದುಡ್ಡು ಕಟ್ಟೋ ಮುಂಚೆ ಈ ಐದು ಪ್ರಶ್ನೆ ಕೇಳಿ, ಮುಖ ನೋಡ್ಕೊಂಡು ಕೇಳಿ:

ಒಂದು, ಒಬ್ಬ ವಿದ್ಯಾರ್ಥಿ ಕೋರ್ಸ್ ಮುಗಿಸೋ ಹೊತ್ತಿಗೆ ಎಷ್ಟು ಚಿತ್ರ ಮಾಡಿರ್ತಾನೆ?
ಎರಡು, ಅದರ ಖರ್ಚು ಫೀಸಲ್ಲೇ ಸೇರಿದ್ಯಾ, ಆಮೇಲೆ ಬೇರೆ ಕೇಳ್ತೀರಾ?
ಮೂರು, ಎಷ್ಟು ಜನಕ್ಕೆ ಒಂದು ಕ್ಯಾಮೆರಾ? ಸೌಂಡ್ ವಿಭಾಗ ಇದ್ಯಾ?
ನಾಲ್ಕು, ಹಿಂದಿನ ಬ್ಯಾಚ್‌ನವರು ಮಾಡಿದ ಚಿತ್ರ ಈಗಲೇ ತೋರಿಸ್ತೀರಾ?
ಐದು, ಪಾಠ ಮಾಡೋರು ಯಾರು? ಪೋಸ್ಟರ್‌ನಲ್ಲಿರೋ ಸೆಲೆಬ್ರಿಟಿ ವರ್ಷಕ್ಕೆ ಎಷ್ಟು ದಿನ ಬರ್ತಾರೆ?

ಐದರಲ್ಲಿ ಎರಡಕ್ಕೆ ಉತ್ತರ ಬದಲು "ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಅಂದ್ರೆ ಎದ್ದು ಬನ್ನಿ.

ಇನ್ನೊಂದು ಮಾತು. ಒಳ್ಳೇ ಸ್ಕೂಲೂ ಕೆಲಸ ಗ್ಯಾರಂಟಿ ಕೊಡಲ್ಲ, ಪ್ರತಿಭೆ ಕೊಡಲ್ಲ. ಒಳಗೆ ಜಗಳಗಳೂ ಇರ್ತವೆ. ಎಫ್‌ಟಿಐಐನಲ್ಲೇ 2015ರಲ್ಲಿ ಅಧ್ಯಕ್ಷರ ನೇಮಕದ ವಿರುದ್ಧ ವಿದ್ಯಾರ್ಥಿಗಳು 139 ದಿನ ಮುಷ್ಕರ ಮಾಡಿದ್ರು. ಅದರಲ್ಲಿದ್ದ ಪಾಯಲ್ ಕಪಾಡಿಯಾ 2024ರಲ್ಲಿ ಕಾನ್‌ನಲ್ಲಿ ಗ್ರ್ಯಾಂಡ್ ಪ್ರಿ ತಗೊಂಡ್ರು. ಸ್ಕೂಲು ಸರಿ ಇಲ್ಲ ಅಂದಾಗ ಅವರು ಕೇಳಿದ್ದು ಸ್ಕೂಲ್ ಮುಚ್ಚಿ ಅಂತ ಅಲ್ಲ, ಸರಿ ಮಾಡಿ ಅಂತ. ಆ ವ್ಯತ್ಯಾಸ ದೊಡ್ಡದು.

"ಬಿಕಾಂ ಮಾಡಿ ಈಗ ಹೇಗೆ?" ಎಫ್‌ಟಿಐಐ ನಿರ್ದೇಶನ ವಿಭಾಗಕ್ಕೆ ಯಾವ ಪದವಿ ಆದ್ರೂ ನಡೆಯುತ್ತೆ. ಜಾಮಿಯಾದ ಎಂಎಗೂ ಹಾಗೇ. ಫಾರ್ಮಸಿಯವರು, ಡಾಕ್ಟ್ರು ಹೋಗಿದ್ದಾರೆ. ಬ್ಯಾಲೆನ್ಸ್ ಶೀಟ್ ಬರೆಯೋರಿಗೆ ಏನು ಕಡಿಮೆ? ಬಜೆಟ್ ಹಾಕೋಕೆ ಗೊತ್ತಿರೋ ಡೈರೆಕ್ಟರನ್ನ ಪ್ರೊಡ್ಯೂಸರ್ ಕೈಬಿಡ್ತಾರಾ?

9/9

ಕೊನೇದು ನಮ್ಮ ಬಗ್ಗೆ.

ಎಲ್ಲರೂ ಪುಣೆಗೋ ದೆಹಲಿಗೋ ಹೋಗೋಕಾಗಲ್ಲ. ಸೀಟು ಕಡಿಮೆ, ಇಂಗ್ಲಿಷ್ ಇಂಟರ್‌ವ್ಯೂ ಅಂದ್ರೆ ಅರ್ಧ ಜನ ಫಾರ್ಮ್ ಹಂತದಲ್ಲೇ ಹಿಂದೆ ಸರೀತಾರೆ. ಆದ್ರೆ ನೋಲನ್ ಕಥೆ ಮತ್ತೆ ಓದಿ. ಸಿನಿಮಾ ಡಿಗ್ರಿ ಇಲ್ಲದ ಕಾಲೇಜೂ ಒಂದು ಕ್ಯಾಮೆರಾ, ಒಂದು ರೂಮ್, ಒಂದು ಫಿಲ್ಮ್ ಸೊಸೈಟಿ ಕೊಟ್ರೆ ಅರ್ಧ ಸ್ಕೂಲ್ ಆಗುತ್ತೆ. ನಮ್ಮ ಬೆಂಗಳೂರಲ್ಲೇ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಇದೆ. ಅದನ್ನ ಕಟ್ಟಿದ್ದು ಸಿನಿಮಾ ಪ್ರೀತಿಸೋರು, ಸೂಪರ್‌ಸ್ಟಾರ್‌ಗಳಲ್ಲ.

ನಮ್ಮ ಕಾಲೇಜಲ್ಲಿ ಏನಿದೆ? ಒಂದು ಸೆಮಿನಾರ್ ಹಾಲ್, ಒಳ್ಳೇ ಪ್ರೊಜೆಕ್ಟರ್, ಬಾಗಿಲಿಗೆ ಬೀಗ. ಫೆಸ್ಟ್‌ಗೆ ಡಿಜೆ ಕರೆಸೋಕೆ ದುಡ್ಡು ಇರುತ್ತೆ, ಎರಡು ಮೈಕ್ ಕೊಳ್ಳೋಕೆ ಇರಲ್ಲ. ಡಿಜೆ ಒಂದೇ ರಾತ್ರಿ, ಮೈಕ್ ಹತ್ತು ಬ್ಯಾಚ್. ಡಿಪ್ರಿಸಿಯೇಷನ್ ಕಳೆದ್ರೂ ಲಾಭ ಯಾವುದರಲ್ಲಿ ಅಂತ ನಿಮಗೇ ಗೊತ್ತು, ಸ್ಟೂಡೆಂಟ್ ಫೀಸಲ್ಲಿ ಕಲ್ಚರಲ್ ಫಂಡ್ ಅಂತ ಕಟ್ಟೋರು ನಾವೇ.

ಹಾಗಾಗಿ ನಾನು ಒಂದು ಅರ್ಜಿ ಬರೆದಿದ್ದೀನಿ. ಪ್ರಿನ್ಸಿಪಾಲರಿಗೆ, ಕನ್ನಡದಲ್ಲಿ, ಒಂದೇ ಪುಟ. ಕೇಳಿರೋದು ಮೂರು: ಪ್ರತಿ ಶನಿವಾರ ಮಧ್ಯಾಹ್ನ ಸೆಮಿನಾರ್ ಹಾಲಿನ ಬೀಗ ತೆಗೀರಿ. ಕಲ್ಚರಲ್ ಫಂಡ್‌ನಿಂದ ಒಂದು ಕ್ಯಾಮೆರಾ, ಎರಡು ಮೈಕ್ ತಗೊಂಡು ಲೈಬ್ರರಿ ಪುಸ್ತಕದ ತರ ಎರವಲು ಕೊಡಿ. ವರ್ಷಕ್ಕೆ ನಾಲ್ಕು ವಿದ್ಯಾರ್ಥಿ ಚಿತ್ರ ಮಾಡೋಕೆ ಬಿಡಿ, ಕೆಟ್ಟದಾಗಿದ್ರೂ ತೋರಿಸೋಕೆ ಬಿಡಿ.

ಸೋಮವಾರ ಮಧ್ಯಾಹ್ನದ ಬ್ರೇಕ್‌ನಲ್ಲಿ ಲೈಬ್ರರಿ ಮೆಟ್ಟಿಲ ಹತ್ರ ಆ ಹಾಳೆ ಇರುತ್ತೆ. ಲೈಕ್ ಬೇಡ, ಸಹಿ ಬೇಕು. ಬೇರೆ ಕಾಲೇಜಿನವರು ಮೆಸೇಜ್ ಮಾಡಿ, ಅರ್ಜಿ ಕಳಿಸ್ತೀನಿ, ಹೆಸರು ಬದಲಾಯಿಸ್ಕೊಳ್ಳಿ.

ನೋಟ್‌ಬುಕ್ ಹಿಂದೆ ಚಿತ್ರ ಬಿಡಿಸೋಳೇ, ಇದನ್ನ ಓದ್ತಿದ್ರೆ ಕೇಳು: ಫಾರ್ಮ್ ತುಂಬು. ಸೀಟ್ ಸಿಗದಿದ್ರೆ ಮುಂದಿನ ವರ್ಷ ಮತ್ತೆ ತುಂಬು. ನಿನ್ನ ಬಾಗಿಲನ್ನ ಮುಚ್ಚೋ ಹಕ್ಕು ಯಾವ ರೀಲಿಗೂ ಇಲ್ಲ.

#ಸಿನಿಮಾಓದು #ಬಿಕಾಂಹುಡುಗರು #ಕಾಲೇಜ್‌ಫಿಲ್ಮ್‌ಸೊಸೈಟಿ #ಬೀಗತೆಗೀರಿ